ಬೋಕಿ ಬಿತ್ತಿದ ಕರಣೆಯಣ್ಣ

ಕರಣೆಯಣ್ಣನ ಬಗ್ಗೆ ಬರೆಯಲು ಕಾರಣ ಒಂದೇ. ತಾನು ಹೇಳಿದ ಒಂದು ಸುಳ್ಳನ್ನು ಆತ ತಾನೇ ಅಗೆದು ಹೊರಗೆ ತೆಗೆದ. ಯಾರೂ ಕೇಳಿರಲಿಲ್ಲ. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೇಳಿದ್ದರಿಂದ ಲಾಭವೇನೂ ಆಗಲಿಲ್ಲ, ಸಾಕಿ ಬೆಳೆಸಿದ ಅಕ್ಕ ಮಾತು ಬಿಟ್ಟಳು. ಆ ಸುಳ್ಳಾದರೂ ಎಷ್ಟುದ್ದ ಇತ್ತು? ಒಂದೇ ಪದ.

ಆತ ಮೊದಲು ಗಾರೆ ಕೆಲಸದವನು. ಕೈಯಲ್ಲಿ ಕರಣೆ ಇಲ್ಲದೆ ಆತನನ್ನು ಕಂಡವರಿಲ್ಲ, ಅದಕ್ಕೇ ಆ ಹೆಸರು. ಓದು ನಾಲ್ಕನೇ ತರಗತಿಗೆ ನಿಂತಿತು. ಇಪ್ಪತ್ತು ವರ್ಷದ ಹಿಂದೆ, ಯೂನಿವರ್ಸಿಟಿಯ ಪುರಾತತ್ವ ವಿಭಾಗದಲ್ಲಿ ಒಂದು ಗೋಡೆ ಉಬ್ಬಿಕೊಂಡಿದೆ, ಬಂದು ನೋಡು ಅಂತ ಕರೆಸಿದರು. ಆತ ಗೋಡೆಗೆ ಕಿವಿ ಕೊಟ್ಟು ಕರಣೆಯ ಹಿಡಿಯಿಂದ ಕುಟ್ಟುತ್ತಾ ಹೋದ.

"ಇಲ್ಲಿ ಟೊಳ್ಳು. ಇಲ್ಲಿ ಗಟ್ಟಿ. ಇಲ್ಲಿ ಯಾರೋ ಮೊದಲೇ ತೇಪೆ ಹಾಕಿದಾರೆ, ಒಳ್ಳೇ ಕೆಲಸದವನಲ್ಲ."

ಅಲ್ಲಿ ಕೂತು ಬರೆಯುತ್ತಿದ್ದ ಹಳೇ ಮೇಷ್ಟ್ರು ಕನ್ನಡಕ ತೆಗೆದು ನೋಡಿದರು. "ನೆಲಕ್ಕೂ ಹೀಗೇ ಹೇಳ್ತೀಯೇನಯ್ಯಾ?"

"ನೆಲ ಏನು ಸಾರ್, ಮಲಗಿರೋ ಗೋಡೆ."

ಮುಂದಿನ ವಾರ ಮೇಷ್ಟ್ರು ಆತನನ್ನು ಅಗೆತಕ್ಕೆ ಕರೆದುಕೊಂಡು ಹೋದರು. ಆಮೇಲೆ ಆತ ಗಾರೆ ಕಡೆ ತಿರುಗಿ ನೋಡಲಿಲ್ಲ. ಕರಣೆ ಮಾತ್ರ ಅದೇ. ಸವೆದು ಸವೆದು ಈಗ ಅಂಗೈಯಷ್ಟು ಉಳಿದಿದೆ.

ಆತನ ಕೆಲಸ ಏನು ಅಂತ ಹೇಳಬೇಕು. ಹಳೇ ಕಾಲದ ಜನ ಹೇಗಿದ್ದರು ಅಂತ ತಿಳಿಯಲು ನೆಲವನ್ನು ಚೌಕ ಚೌಕವಾಗಿ ದಾರ ಕಟ್ಟಿ, ಬೆರಳಗಲ ಬೆರಳಗಲ ಕೆರೆದು ತೆಗೆಯುತ್ತಾರೆ. ಏನಾದರೂ ಸಿಕ್ಕಿದರೆ ಮೊದಲ ಪ್ರಶ್ನೆ ಒಂದೇ. ಈ ಮಣ್ಣನ್ನು ಆಮೇಲೆ ಯಾರಾದರೂ ಕದಡಿದ್ದಾರಾ? ಇಲಿ ಬಿಲ ತೋಡಿರಬಹುದು, ಮರದ ಬೇರು ಹಾದಿರಬಹುದು, ಯಾರೋ ಚರಂಡಿಗೆ ಅಗೆದು ಮುಚ್ಚಿರಬಹುದು. ಹಾಗಿದ್ದರೆ ಮೇಲಿನ ಸಾಮಾನು ಕೆಳಗೆ ಬಿದ್ದಿರುತ್ತದೆ, ಅದನ್ನು ನಂಬುವಂತಿಲ್ಲ. ಕರಣೆಯಣ್ಣ ಕರಣೆಯ ಅಂಚನ್ನು ಮಣ್ಣಿನ ಮೇಲೆ ಎಳೆದು ಸದ್ದು ಕೇಳುತ್ತಿದ್ದ. ಕೇಳಿ ಎರಡರಲ್ಲಿ ಒಂದು ಮಾತು ಹೇಳುತ್ತಿದ್ದ. "ಕದಡಿದೆ." ಇಲ್ಲವೇ, "ಕದಡಿಲ್ಲ." ಅದು ಪುಸ್ತಕಕ್ಕೆ ಹೋಗುತ್ತಿತ್ತು. ದೊಡ್ಡ ಓದು ಓದಿದವರು ಆ ಪದದ ಮೇಲೆ ಪುಟಗಟ್ಟಲೆ ಬರೆಯುತ್ತಿದ್ದರು. ಹತ್ತೊಂಬತ್ತು ವರ್ಷ ಇದೇ ನಡೆಯಿತು.

ಅಗೆತ ಇಲ್ಲದ ತಿಂಗಳಲ್ಲಿ ಆತ ತೊಳೆಯುವ ಕೋಣೆಯಲ್ಲಿರುತ್ತಾನೆ. ಸೈಕಲ್ ಸ್ಟ್ಯಾಂಡಿನ ಪಕ್ಕ ಏಳು ಮೆಟ್ಟಿಲು ಇಳಿದರೆ ಅದು. ಒಂದು ಕಲ್ಲಿನ ತೊಟ್ಟಿ, ಹಲ್ಲುಜ್ಜುವ ಬ್ರಷ್ಷು ಮೂರು, ಒಣಗಿಸಲು ಹರಡಿದ ಹಳೇ ಪೇಪರು. ಬೋಕಿ, ಅಂದರೆ ಮಡಕೆ ಒಡೆದ ಚೂರು, ಒಂದೊಂದಾಗಿ ತೊಳೆದು, ಒಣಗಿಸಿ, ಕಪ್ಪು ಶಾಯಿಯಲ್ಲಿ ಸಣ್ಣದಾಗಿ ನಂಬರ್ ಬರೆಯಬೇಕು. ಕಾಂಪೌಂಡ್ ಗೋಡೆಗೇ ತಾಗಿದ ಕೋಣೆ, ಕಿಟಕಿ ಇರುವುದು ಹೊರಗಿನ ಬೀದಿಯ ಮಟ್ಟಕ್ಕೆ. ಹೋಗಿಬರುವವರ ಕಾಲು ಮಾತ್ರ ಕಾಣುತ್ತದೆ. ಬೀದಿಯ ಅರ್ಧ ಜನರನ್ನು ಆತ ಚಪ್ಪಲಿಯಿಂದಲೇ ಗುರುತಿಸುತ್ತಾನೆ.

ಮೇಜಿನ ಕೆಳಗೆ ಒಂದು ತಗಡಿನ ಪೆಟ್ಟಿಗೆ ಇದೆ. ಅದರ ಹೆಸರು ಬೇವಾರ್ಸಿ ಪೆಟ್ಟಿಗೆ. ಯಾವುದೋ ಕಾಲದಲ್ಲಿ ಗೆದ್ದಲು ಹಿಡಿದು ಚೀಟಿಗಳು ಹೋದವು, ಬೋಕಿ ಉಳಿದವು. ಎಲ್ಲಿ ಸಿಕ್ಕಿದ್ದು ಅಂತ ಯಾರಿಗೂ ಗೊತ್ತಿಲ್ಲ. ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಗೆ ತೊಳೆಯುವುದನ್ನು ಕಲಿಸಲು ಅವನ್ನು ಕೊಡುತ್ತಾರೆ. ಕೊಡುವಾಗ ಕರಣೆಯಣ್ಣ ಪ್ರತಿ ವರ್ಷ ಒಂದೇ ಮಾತು ಹೇಳುತ್ತಾನೆ. "ಮನುಷ್ಯ ಅಪ್ಪನ ಹೆಸರು ಗೊತ್ತಿಲ್ದೆ ಬದುಕಬಹುದು. ಬೋಕಿಗೆ ಸಿಕ್ಕ ಜಾಗ ಗೊತ್ತಿಲ್ದಿದ್ರೆ ಅದು ಬರೀ ಬೋಕಿ."

ಇಂಥ ಮಾತು ಹೇಳುವವನೇ ಆ ಪೆಟ್ಟಿಗೆಗೆ ಕೈ ಹಾಕಿದ.

ಯೂನಿವರ್ಸಿಟಿಗೆ ಒಂದು ಎತ್ತರದ ಗೋಡೆ ಇದೆ. ಗೋಡೆಯಾಚೆ ಒಂದು ಬೀದಿ. ಇಸ್ತ್ರಿ ಅಂಗಡಿ, ಟೈಲರ್ ಅಂಗಡಿ, ಸೈಕಲ್ ರಿಪೇರಿ, ಒಂದು ಸಾಲು ಮನೆ. ಕರಣೆಯಣ್ಣ ಹುಟ್ಟಿ ಬೆಳೆದದ್ದು ಅಲ್ಲೇ. ಆ ಬೀದಿಯವರು ಗೋಡೆಯೊಳಗಿನವರ ಬಟ್ಟೆ ಒಗೆದಿದ್ದಾರೆ, ನಲ್ಲಿ ರಿಪೇರಿ ಮಾಡಿದ್ದಾರೆ, ದೊಡ್ಡ ಗೇಟಿನಲ್ಲಿ ಒಳಗೆ ಹೋದವರು ಕಡಿಮೆ. "ಅವರು ಒಳಗಿನವರು, ನಾವು ಹೊರಗಿನವರು" ಅಂತ ಸೀದಾ ಹೇಳುತ್ತಾರೆ, ಬೇಜಾರೇನೂ ಇಲ್ಲ.

ವಿಭಾಗಕ್ಕೆ ಹೊಸದಾಗಿ ಬಂದ ಮೇಡಂ ಒಬ್ಬರಿಗೆ ಅದು ಸರಿ ಕಾಣಲಿಲ್ಲ. ಒಂದು ಕಡೆ ಗೋಡೆಗೂ ಬೀದಿಗೂ ನಡುವೆ ಖಾಲಿ ಜಾಗವಿತ್ತು, ಅಲ್ಲಿ ಹೊಸ ಕಟ್ಟಡ ಬರುವುದಿತ್ತು. ಕಟ್ಟುವ ಮೊದಲು ಅಗೆದು ನೋಡೋಣ, ಅಗೆಯುವವರು ಆ ಬೀದಿಯವರೇ ಆಗಲಿ ಅಂದರು. ಕಾಗದ ಅಚ್ಚು ಹಾಕಿಸಿ ಅಂಗಡಿ ಅಂಗಡಿಗೆ ಹಂಚಿದರು. ಅದರಲ್ಲಿ 'ಸಮುದಾಯದ ಸಹಭಾಗಿತ್ವ' ಅಂತ ಇತ್ತು. ಟೈಲರ್ ಅದನ್ನು ಎರಡು ಸಲ ಓದಿ ಕತ್ತರಿ ಒರೆಸಿಕೊಂಡ.

"ಏನಪ್ಪಾ ಇದು, ನಿಮ್ಮ ಮೇಡಂ ಏನಂತಾರೆ?" ಅಂತ ಜನ ಕರಣೆಯಣ್ಣನನ್ನು ಕೇಳಿದರು.

"ನಿಮ್ಮ ಹಿತ್ತಲಲ್ಲಿ ಏನಿದೆ ನೋಡೋಣ ಬನ್ನಿ ಅಂತಾರೆ. ಅಷ್ಟೆ."

ಹದಿನಾಲ್ಕು ಜನ ಬಂದರು. ಅವರಲ್ಲಿ ಇಬ್ಬರ ವಿಷಯ ಹೇಳಿದರೆ ಸಾಕು. ಒಬ್ಬರು ಕಂಡಕ್ಟರ್ ಮಾವ. ರಿಟೈರ್ ಆಗಿ ಆರು ವರ್ಷವಾದರೂ ಬಸ್ಸಿನಿಂದ ಇಳಿಯದ ಮನುಷ್ಯ. ಇನ್ನೊಬ್ಬಳು ಕರಣೆಯಣ್ಣನ ಅಕ್ಕ. ಇಸ್ತ್ರಿ ಅಂಗಡಿ ಅವಳದ್ದು, ಬೀದಿಗೆಲ್ಲ ಅವಳು ಇಸ್ತ್ರಿ ಅಕ್ಕ. ತಾಯಿ ಹೋದಾಗ ಅವಳಿಗೆ ಹದಿಮೂರು, ಇವನಿಗೆ ಐದು. ಅವಳೇ ಸಾಕಿದಳು. ಮದುವೆಯಾಗಿ ಹೋದಳು, ಗಂಡ ಸತ್ತ ಮೇಲೆ ವಾಪಸ್ ಬಂದು ಅಂಗಡಿ ಹಾಕಿದಳು. ಇಪ್ಪತ್ತು ವರ್ಷದಲ್ಲಿ ಅಂಗಡಿ ಬಾಗಿಲು ಹಾಕಿದ್ದು ಕಡಿಮೆ. ಈ ಅಗೆತಕ್ಕೆ ಹಾಕಿದಳು. 'ಐದು ದಿನ ಇಲ್ಲ' ಅಂತ ರಟ್ಟಿನ ಮೇಲೆ ಬರೆದು ನೇತುಹಾಕಿದಳು.

"ಯಾಕಕ್ಕಾ, ಇಷ್ಟೊಂದು ಹುಮ್ಮಸ್ಸು?" ಅಂತ ತಮ್ಮ ಕೇಳಿದ.

"ಇಪ್ಪತ್ತು ವರ್ಷ ಬೇರೆಯವರ ಬಟ್ಟೆ ಜೇಬಲ್ಲಿ ಸಿಕ್ಕಿದ್ದನ್ನೆಲ್ಲ ವಾಪಸ್ ಕೊಟ್ಟಿದೀನಿ ಕಣೋ. ನನಗೇ ಅಂತ ಏನಾದ್ರೂ ಸಿಗುತ್ತೇನೋ ನೋಡೋಣ."

"ಸಿಕ್ಕಿದ್ರೂ ಯೂನಿವರ್ಸಿಟಿಗೆ ಕೊಡಬೇಕು."

"ಕೊಡ್ತೀನಿ ಬಿಡು. ಸಿಕ್ಕಿದ್ದು ನನಗೆ ತಾನೆ?"

ಮೊದಲ ದಿನ ಬಾಟ್ಲಿ ಮುಚ್ಚಳ, ಪ್ಲಾಸ್ಟಿಕ್ಕು, ಒಂದು ಎಡಗಾಲ ಚಪ್ಪಲಿ. ಎರಡನೇ ದಿನ ಹಂಚಿನ ಚೂರು. ಅಕ್ಕನ ಚೌಕದಲ್ಲಿ ಒಂದು ಬಾಗಿದ ಚಮಚ ಬಂತು. ಅವಳು ಅದನ್ನು ನೋಡಿ, "ಥೂ, ಚಮಚ" ಅಂತ ಮಣ್ಣಿನ ಗುಡ್ಡೆಗೆ ಎಸೆದಳು. ಮೇಡಂ ಹೋಗಿ ಎತ್ತಿಕೊಂಡು ಚೀಟಿ ಕಟ್ಟಿದರು. ಮೂರನೇ ದಿನ ಇನ್ನಷ್ಟು ಹಂಚು. ನಾಲ್ಕನೇ ದಿನ ಏನೂ ಇಲ್ಲ, ಬರೀ ಮಣ್ಣು.

"ಮೇಡಂ, ಬೆಟ್ಟ ಅಗೆದು ಇಲಿ ಹಿಡಿದ್ರು ಅಂತ ಕೇಳಿದ್ದೆ" ಅಂದರು ಕಂಡಕ್ಟರ್ ಮಾವ. "ನಮಗೆ ಇಲೀನೂ ಇಲ್ವಲ್ಲ."

"ಏನೂ ಸಿಗದೇ ಇರೋದೂ ಒಂದು ವಿಷಯಾನೇ ಮಾವ" ಅಂದರು ಮೇಡಂ.

"ಖಾಲಿ ಬಸ್ ಓಡಿಸಿದ್ರೂ ಟ್ರಿಪ್ಪು ಟ್ರಿಪ್ಪೇ ಅಂತೀರಾ? ಸರಿ. ಇನ್ನೊಂದು ಸ್ಟಾಪ್ ಕೆಳಗೆ ಹೋಗೋಣ. ರೈಟ್!"

ಜನ ನಕ್ಕರು. ಆದರೆ ಹದಿನಾಲ್ಕು ಜನ ಆಗಲೇ ಎಂಟಾಗಿದ್ದರು. ಸಂಜೆ ಅಕ್ಕ ಕೈ ತೊಳೆಯುತ್ತಾ ತಮ್ಮನಿಗೆ ಹೇಳಿದಳು. "ನನ್ನ ಹಣೇಬರಹ ನೋಡು. ಭೂಮಿತಾಯಿ ಹತ್ರ ಹೋದ್ರೂ ಖಾಲಿ ಕೈ." ನಗುತ್ತಲೇ ಹೇಳಿದಳು. ಆದರೆ ಕೈ ತೊಳೆದು ಮುಗಿದ ಮೇಲೂ ನಲ್ಲಿ ನಿಲ್ಲಿಸಲಿಲ್ಲ. ತಮ್ಮ ಅದನ್ನು ನೋಡಿದ.

ಐದನೇ ದಿನ ಬೆಳಿಗ್ಗೆ ಆರೂವರೆಗೆ, ಯಾರೂ ಬರುವ ಮೊದಲು, ಆತ ತೊಳೆಯುವ ಕೋಣೆಗೆ ಹೋದ. ಬೇವಾರ್ಸಿ ಪೆಟ್ಟಿಗೆಯಿಂದ ಮೂರು ಬೋಕಿ ತೆಗೆದ. ಮೂರರ ಮೇಲೂ ಬಾಚಣಿಗೆ ಎಳೆದಂಥ ಗೆರೆ ಇತ್ತು. ಆತನಿಗೆ ಮೊದಲಿನಿಂದಲೂ ಅವು ಇಷ್ಟ. ಅಕ್ಕನ ಚೌಕದಲ್ಲಿ ಮೊಳಕೈ ಆಳಕ್ಕೆ ಇಟ್ಟ. ಅದೇ ಮಣ್ಣು ಹಾಕಿದ, ಅಂಗೈಯಿಂದ ಒತ್ತಿದ, ಒಂದು ಹಿಡಿ ನೀರು ಚಿಮುಕಿಸಿದ, ಒಣ ಮಣ್ಣು ಉದುರಿಸಿದ, ಕರಣೆಯಿಂದ ಸವರಿದ. ಗಾರೆಯವನ ಕೈ. ತೇಪೆ ಹಾಕಿದ್ದು ಕಾಣಬಾರದು ಅನ್ನುವುದೇ ಆ ಕೈ ಕಲಿತ ವಿದ್ಯೆ. ಎದ್ದು ನಿಂತು ನೋಡಿದ. ತನಗೇ ಗುರುತು ಸಿಗಲಿಲ್ಲ. ಒಂದು ಗಳಿಗೆ ಹೆಮ್ಮೆಯೂ ಆಯಿತು ಅಂತ ಆಮೇಲೆ ಹೇಳಿದ್ದಾನೆ.

ಹತ್ತೂಕಾಲಿಗೆ ಅಕ್ಕ ಕೂಗಿದಳು. "ಲೋ! ಬಾರೋ ಇಲ್ಲಿ! ಮೇಡಂ! ಎಲ್ಲಾ ಬನ್ನಿ!"

ಬೋಕಿಯನ್ನು ಕೈಗೆ ತೆಗೆದುಕೊಳ್ಳದೆ, ಕಲಿಸಿದ ಹಾಗೆ, ಕುಂಚದಲ್ಲಿ ಸುತ್ತಲಿನ ಮಣ್ಣು ಸರಿಸುತ್ತಾ ಕೂತಿದ್ದಳು. ಮೇಡಂ ಮಂಡಿಯೂರಿ ನೋಡಿದರು. ಅವರ ಮುಖ ಬದಲಾಯಿತು. ಪುಸ್ತಕ ತೆರೆದು, ತಲೆ ಎತ್ತದೆ, ಹತ್ತೊಂಬತ್ತು ವರ್ಷದಿಂದ ಆ ವಿಭಾಗದಲ್ಲಿ ಎಲ್ಲರೂ ಕೇಳುವ ಹಾಗೆ ಕೇಳಿದರು. "ಅಣ್ಣಾ, ಮಣ್ಣು?"

ಕರಣೆಯಣ್ಣ ಕರಣೆ ಎಳೆದ ಹಾಗೆ ಮಾಡಿದ. ಅಕ್ಕ ಆತನ ಮುಖ ನೋಡುತ್ತಿದ್ದಳು.

"ಕದಡಿಲ್ಲ" ಅಂದ.

ಮೇಡಂ ಬರೆದುಕೊಂಡರು.

ಆತ ಅಂದುಕೊಂಡಿದ್ದು ಇಷ್ಟೇ. ಅಕ್ಕನಿಗೆ ಒಂದು ದಿನ ಖುಷಿ, ಜನ ನಾಲ್ಕು ದಿನ ಹೆಚ್ಚು ಬರುತ್ತಾರೆ, ಮೂರು ಬೋಕಿ ಸಾವಿರ ಬೋಕಿಯೊಳಗೆ ಸೇರಿಹೋಗುತ್ತವೆ. ಹಾಗಾಗಲಿಲ್ಲ. ಐದು ದಿನಕ್ಕೆ ಮುಗಿಯಬೇಕಿದ್ದ ಅಗೆತ ಮುಂದುವರಿಯಿತು, ಮಾರನೇ ದಿನ ಇಪ್ಪತ್ತಾರು ಜನ ಬಂದರು. ಬೋಕಿ ಹಿಡಿದ ಅಕ್ಕನ ಫೋಟೋ ದೊಡ್ಡದು ಮಾಡಿಸಿ ಇಸ್ತ್ರಿ ಅಂಗಡಿಗೆ ಹಾಕಿದರು. ಬಟ್ಟೆ ಕೊಡಲು ಬಂದವರು, "ಅಕ್ಕಾ, ಹೇಗೆ ಸಿಕ್ತು ಹೇಳಿ" ಅಂದರೆ ಅವಳು ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ ಮೊದಲಿನಿಂದ ಹೇಳುತ್ತಿದ್ದಳು. ಹೇಳುವಾಗ ದನಿ ತಗ್ಗಿಸುತ್ತಿದ್ದಳು, ಬೋಕಿ ಇನ್ನೂ ಅಲ್ಲೇ ಇದೆ ಅನ್ನುವ ಹಾಗೆ.

ಬೋಕಿ ತೊಳೆಯುವ ಕೆಲಸ ಕರಣೆಯಣ್ಣನಿಗೇ ಬಂತು. ನೆಲದಲ್ಲಿ ನೂರಾರು ವರ್ಷ ಇದ್ದ ಬೋಕಿಗೆ ಮಣ್ಣು ಸಣ್ಣ ಸಣ್ಣ ತೂತಿನೊಳಗೆ ಕಚ್ಚಿಕೊಂಡಿರುತ್ತದೆ, ಬ್ರಷ್ಷಿಗೆ ಸುಲಭಕ್ಕೆ ಬಿಡುವುದಿಲ್ಲ. ಈ ಮೂರನ್ನು ನೀರಿಗೆ ಹಾಕಿದ ಕೂಡಲೇ ಮಣ್ಣು ಬಿಟ್ಟುಹೋಯಿತು. ಮೊದಲೇ ತೊಳೆದ ಬೋಕಿ ತಾನೆ? ಒಣಗಿಸಿ ನಂಬರ್ ಬರೆದ. ಮೂರನೆಯದರ ಮೇಲೆ ಶಾಯಿ ಹರಡಿಕೊಂಡಿತು. ಹತ್ತೊಂಬತ್ತು ವರ್ಷದಲ್ಲಿ ಅದೇ ಮೊದಲು.

ಎರಡು ವಾರವಾದ ಮೇಲೆ ಮೇಡಂ ತೊಳೆಯುವ ಕೋಣೆಗೆ ಓಡಿಕೊಂಡೇ ಬಂದರು. "ಅಣ್ಣಾ, ಇಂಥ ಗೆರೆ ಇರೋ ಮಡಕೆ ತುಂಬಾ ಹಳೇದು. ಮೂರೇ ಬೋಕಿ, ನಿಜ. ಆದರೆ ಕದಡದ ಮಣ್ಣಲ್ಲಿ ಸಿಕ್ಕಿದೆಯಲ್ಲ! ನಿಮ್ಮ ಬೀದಿ ನಾವು ಅಂದ್ಕೊಂಡಿದ್ದಕ್ಕಿಂತ ಸಾವಿರ ವರ್ಷ ಹಳೇದಿರಬಹುದು." ಮುಂದಿನ ತಿಂಗಳು ದೊಡ್ಡ ಹಾಲಿನಲ್ಲಿ ಭಾಷಣ ಇಟ್ಟುಕೊಂಡಿದ್ದರು. ಹೊರಗಿನ ವಿದ್ವಾಂಸರು ಬರುವವರಿದ್ದರು. ಮೊದಲ ಸಾಲು ಬೀದಿಯವರಿಗೆ, ಅದರಲ್ಲಿ ಮಧ್ಯದ ಕುರ್ಚಿ ಇಸ್ತ್ರಿ ಅಕ್ಕನಿಗೆ.

ಅವತ್ತಿನಿಂದ ಆತನಿಗೆ ಊಟ ಸೇರಲಿಲ್ಲ. ಹೇಳಿದರೆ ಅಕ್ಕನ ಮರ್ಯಾದೆ ಬೀದಿ ಪಾಲು. ಹೇಳದಿದ್ದರೆ, ತನ್ನ ಮಾತನ್ನು ನಂಬಿದ ಮೇಡಂ ನಾಲ್ಕು ಜನರ ಎದುರು ನಿಂತು ಸುಳ್ಳು ಹೇಳುತ್ತಾರೆ, ಸುಳ್ಳು ಅಂತ ಗೊತ್ತಿಲ್ಲದೆ. ಮೊದಲು ಅಕ್ಕನಿಗೆ ಹೇಳೋಣ ಅಂತ ಮಧ್ಯಾಹ್ನ ಅಂಗಡಿಗೆ ಹೋದ. ಅವಳು ಅಂಗಿ ತೋಳಿಗೆ ಇಸ್ತ್ರಿ ಹಾಕುತ್ತಿದ್ದಳು.

"ಅಕ್ಕಾ, ಆ ಬೋಕಿ ನಾನು ಹಾಕಿದ್ದು."

"ಯಾವ ಬೋಕಿ?"

"ನಿನಗೆ ಸಿಕ್ಕಿದ್ದು. ಬೆಳಿಗ್ಗೆ ಬಂದು ನಾನೇ ಹೂತಿಟ್ಟಿದ್ದೆ."

ಅವಳು ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಒಂದು ತೋಳು ಮುಗಿದಿತ್ತು, ಇನ್ನೊಂದು ಸುಕ್ಕಾಗಿತ್ತು.

"ನಾನು ಕೇಳಿದ್ನೇನೋ ನಿನ್ನ?"

"ಇಲ್ಲ."

"ಜನ್ಮದಲ್ಲಿ ಒಂದ್ಸಲ ನನಗೆ ಅಂತ ಏನೋ ಸಿಕ್ತು. ಅದೂ ನೀನು ಹಾಕಿದ ಭಿಕ್ಷೇನೇ ಆಗಬೇಕಿತ್ತಾ?"

ಆತ ತಲೆ ತಗ್ಗಿಸಿ ನಿಂತ. "ಮೇಡಂಗೆ ಹೇಳಬೇಕು ಅಕ್ಕಾ."

"ಬಾಯಿ ಮುಚ್ಕೊಂಡಿರು. ಮೂರು ಚೂರು ಮಡಕೆಯಿಂದ ಯಾರ ಮನೆ ಮುಳುಗುತ್ತೆ? ಬೀದೀಲಿ ನಾನು ತಲೆ ಎತ್ಕೊಂಡು ಓಡಾಡೋದು ಬೇಡ್ವಾ?" ಸುಕ್ಕಾದ ತೋಳನ್ನು ಮೇಜಿನ ಮೇಲೆ ಎಳೆದುಕೊಂಡಳು. "ನಿನ್ನ ಸಾಕಿದ್ದಕ್ಕೆ ಇಷ್ಟಾದ್ರೂ ಮಾಡು. ಸುಮ್ನಿರು."

ಆತ ಸುಮ್ಮನಿದ್ದ. ಇಪ್ಪತ್ತೊಂದು ದಿನ.

ಭಾಷಣದ ಹಿಂದಿನ ದಿನ ಮೇಡಂ ಬೀದಿಯವರನ್ನೆಲ್ಲ ಆ ಖಾಲಿ ಜಾಗಕ್ಕೆ ಕರೆದರು. "ಹೊರಗಿನವರಿಗೆ ಹೇಳೋ ಮೊದಲು ನಿಮಗೆ ಹೇಳಬೇಕು. ಇದು ನಿಮ್ಮ ಕಥೆ" ಅಂದರು. ಬಾಡಿಗೆ ಕುರ್ಚಿ ಹಾಕಿದ್ದರು. ಜಾಗದಲ್ಲಿ ನೆಡಲು ಒಂದು ಬೋರ್ಡು ಬರೆಸಿ, ಬಟ್ಟೆ ಮುಚ್ಚಿ ನಿಲ್ಲಿಸಿದ್ದರು. ಅಕ್ಕ ಮುಂದಿನ ಸಾಲಿನಲ್ಲಿದ್ದಳು. ಕರಣೆಯಣ್ಣ ಪಕ್ಕದಲ್ಲಿ, ಬೋರ್ಡಿಗೆ ಆತುಕೊಂಡು ನಿಂತಿದ್ದ.

ಮೇಡಂ ಎಲ್ಲ ಹೇಳಿದರು. ಚೆನ್ನಾಗಿ ಹೇಳಿದರು. ಮುಗಿಸಿ, ಏನಾದರೂ ಕೇಳುವುದಿದ್ದರೆ ಕೇಳಿ ಅಂದರು. ಕಂಡಕ್ಟರ್ ಮಾವ ಕೈ ಎತ್ತಿದರು.

"ಮೇಡಂ, ಒಂದು ಡೌಟು. ನನ್ನ ಬಸ್ಸಲ್ಲಿ ಹಳೇ ಟಿಕೆಟ್ ಜೇಬಲ್ಲಿಟ್ಕೊಂಡು ಬಂದು ತೋರಿಸೋರು ಇದ್ರು. ಹಾಗೆ ಯಾರಾದ್ರೂ ಬೇರೆ ಕಡೆ ಬೋಕಿ ತಂದು ಇಲ್ಲಿ ಹಾಕಿರಬಹುದಲ್ವಾ?"

ಜನ ನಕ್ಕರು. ಮೇಡಂ ಕೂಡ ನಕ್ಕರು. "ಒಳ್ಳೇ ಪ್ರಶ್ನೆ ಮಾವ. ಅದಕ್ಕೇ ಇವರು ಇರೋದು." ಕರಣೆಯಣ್ಣನ ಕಡೆ ಕೈ ತೋರಿಸಿದರು. "ಇವರು ಕದಡಿಲ್ಲ ಅಂದ್ರೆ ಕದಡಿಲ್ಲ. ಹೌದು ತಾನೆ ಅಣ್ಣಾ?"

ಎಲ್ಲರೂ ಆತನ ಕಡೆ ನೋಡಿದರು. ಅಕ್ಕ ನೋಡಲಿಲ್ಲ. ಮಡಿಲಲ್ಲಿದ್ದ ಕೈ ನೋಡಿಕೊಳ್ಳುತ್ತಿದ್ದಳು.

"ಕದಡಿದೆ" ಅಂದ ಕರಣೆಯಣ್ಣ.

ಮೇಡಂಗೆ ಅರ್ಥವಾಗಲಿಲ್ಲ. "ಏನು, ಮಣ್ಣು ಕದಡಿದೆಯಾ? ಅವತ್ತು ಇಲ್ಲ ಅಂದ್ರಲ್ಲ?"

"ಮಣ್ಣು ಕದಡಿದೆ. ನಾನು ಕದಡಿದೆ ಮೇಡಂ."

ಆಮೇಲೆ ಎಲ್ಲ ಹೇಳಿದ. ಪೆಟ್ಟಿಗೆ, ಆರೂವರೆ, ಮೊಳಕೈ ಆಳ, ನೀರು ಚಿಮುಕಿಸಿದ್ದು. ಕೆಲಸ ಒಪ್ಪಿಸುವ ಹಾಗೆ ಒಂದೊಂದಾಗಿ ಹೇಳಿದ. "ಅಕ್ಕನಿಗೆ ಗೊತ್ತಿರಲಿಲ್ಲ. ಅವಳು ನಿಜವಾಗ್ಲೂ ಕಂಡುಹಿಡಿದಳು. ಇಟ್ಟವನು ಮಾತ್ರ ನಾನು."

ಕಂಡಕ್ಟರ್ ಮಾವನಿಗೆ ಆವತ್ತು ತಮಾಷೆ ಹೊಳೆಯಲಿಲ್ಲ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಟೈಲರ್ ಎದ್ದು, "ಒಳಗಿನವರ ಸಹವಾಸವೇ ಇಷ್ಟು. ನಮ್ಮ ಕಣ್ಣಿಗೇ ಮಣ್ಣೆರಚಿದ್ರು" ಅಂತ ಹೊರಟುಹೋದ. ಅಕ್ಕ ಕುರ್ಚಿ ಕೆಳಗಿನ ಚಪ್ಪಲಿ ಹುಡುಕಿ ಮೆಟ್ಟಿಕೊಂಡಳು. ತಮ್ಮನ ಮುಂದೆಯೇ ಹಾದುಹೋದಳು. ಅಂಗಡಿಯಲ್ಲಿದ್ದ ಫೋಟೋವನ್ನು ಅವತ್ತೇ ತೆಗೆದು ಗೋಡೆಗೆ ಮುಖ ಮಾಡಿ ಇಟ್ಟಳಂತೆ.

ಭಾಷಣ ನಿಂತಿತು. ಮೇಡಂ ಹೊರಗಿನವರಿಗೆಲ್ಲ ಕಾಗದ ಬರೆದು, ತಪ್ಪಾಗಿದೆ, ಕ್ಷಮಿಸಿ ಅಂದರು. ತಪ್ಪು ಯಾರದ್ದು ಅಂತ ಬರೆಯಲಿಲ್ಲ. ಮಾರನೇ ಬೆಳಿಗ್ಗೆ ಅಗೆತದ ಪುಸ್ತಕ ಹಿಡಿದು ತೊಳೆಯುವ ಕೋಣೆಗೆ ಬಂದರು. ಆ ಪುಟ ತೆರೆದಿಟ್ಟರು.

"ಹೊಡೆದುಹಾಕಿ. ಪಕ್ಕದಲ್ಲಿ ಸರಿಯಾದ್ದು ಬರೆದು ಸಹಿ ಹಾಕಿ."

ಆತ 'ಕದಡಿಲ್ಲ' ಅನ್ನುವುದರ ಮೇಲೆ ಗೀಟು ಎಳೆದ. 'ಕದಡಿದೆ' ಅಂತ ಬರೆದ. ಸಹಿ ಹಾಕಿದ.

"ಹತ್ತೊಂಬತ್ತು ವರ್ಷದಲ್ಲಿ ನೀವು ಎಷ್ಟು ಸಲ ಕದಡಿಲ್ಲ ಅಂದಿರಬಹುದು?"

"ಗೊತ್ತಿಲ್ಲ ಮೇಡಂ."

"ಅದನ್ನೆಲ್ಲ ಈಗ ನಾನು ಏನು ಮಾಡ್ಲಿ?"

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆತ ತೊಳೆದ ಮಡಕೆಗಳೆಲ್ಲ ಒಡೆದವೇ ಆದ್ದರಿಂದ ಆ ಗಾದೆ ಆತನಿಗೆ ಬೇಗ ಅರ್ಥವಾಯಿತು.

ವಿಭಾಗದವರು ಸೇರಿ, ಒಂದು ವರ್ಷ ಈತ ಗುಂಡಿಗೆ ಇಳಿಯುವಂತಿಲ್ಲ, ತೊಳೆಯುವುದು ಮಾತ್ರ ಅಂತ ತೀರ್ಮಾನ ಮಾಡಿದರು. ಆತ ಒಪ್ಪಿಕೊಂಡ. ಮೇಡಂ ಹಳೇ ಪುಸ್ತಕಗಳನ್ನೆಲ್ಲ ಕೆಳಗಿಳಿಸಿ, ಆತನ ಒಂದೊಂದು ಮಾತನ್ನೂ ಆ ಕಾಲದ ಫೋಟೋದ ಜೊತೆ ಇಟ್ಟು ನೋಡಿದರು. ಒಂದೂವರೆ ತಿಂಗಳು ಹಿಡಿಯಿತು. ಒಂದು ದಿನ ಬಾಗಿಲಲ್ಲೇ ನಿಂತು, "ಹಳೇದೆಲ್ಲ ಸರಿ ಇದೆ" ಅಂದರು. ಅಷ್ಟು ಹೇಳಿ ಹೋದರು. ಆತ ಬ್ರಷ್ಷು ಕೆಳಗಿಟ್ಟು ತೊಟ್ಟಿಯ ನೀರು ಬದಲಾಯಿಸಿ, ಮತ್ತೆ ತೊಳೆಯತೊಡಗಿದ.

ಬೀದಿಯಲ್ಲಿ ಹೊಸ ಹೆಸರು ಬಂತು. ಕಂಡಕ್ಟರ್ ಮಾವನಿಗೆ ತಮಾಷೆ ವಾಪಸ್ ಬಂದಿತ್ತು. "ಏನಪ್ಪಾ ಬೋಕಿ ಬಿತ್ತಿದವನೇ, ಈ ಸಲ ಫಸಲು ಹೇಗೆ? ಮಡಕೆ ಮೊಳಕೆ ಬಂತಾ?"

"ಬಂತು ಮಾವ. ಬಿತ್ತಿದ್ದನ್ನೇ ಬೆಳ್ಕೊಂಡೆ."

ಟೈಲರ್ ಮತ್ತೆ ಬರಲಿಲ್ಲ. ಬೇರೆಯವರು ಒಬ್ಬೊಬ್ಬರಾಗಿ ಬಂದರು, ಎಲ್ಲರೂ ಅಲ್ಲ. ಅಕ್ಕ ದಿನಾ ನೀರಿಗೆ ಹೋಗುವಾಗ ಆ ಕಿಟಕಿಯ ಮುಂದೆ ಹಾದುಹೋಗಬೇಕು. ಅವಳ ಚಪ್ಪಲಿ ಆತನಿಗೆ ಗೊತ್ತು, ಬಲಗಾಲಿನದಕ್ಕೆ ನೀಲಿ ದಾರದ ಹೊಲಿಗೆ ಇದೆ. ಅದು ಈಗ ರಸ್ತೆಯ ಆಚೆ ಬದಿಯಲ್ಲಿ ಹೋಗುತ್ತಿತ್ತು. ಹೀಗೆ ಎರಡು ತಿಂಗಳು ಕಳೆಯಿತು.

ಆ ಹೊತ್ತಿಗೆ ಮೇಡಂ ಬೋರ್ಡನ್ನು ಹೊಸದಾಗಿ ಬರೆಸಿದರು. ಇಲ್ಲಿ ನಿಜವಾಗಿ ಏನು ಸಿಕ್ಕಿತು ಅನ್ನುವುದಷ್ಟೇ ಅದರಲ್ಲಿದೆ. ಹಂಚು, ಚಪ್ಪಲಿ, ಮುಚ್ಚಳ, ಯಾವ ಪದರದಲ್ಲಿ, ಯಾರಿಗೆ. ಕೊನೆಯ ಸಾಲು ಹೀಗಿದೆ. 'ಗೆರೆ ಬೋಕಿ ಮೂರು. ಇಲ್ಲಿ ಸಿಕ್ಕಿದ್ದಲ್ಲ, ಇಲ್ಲಿ ಇಟ್ಟಿದ್ದು.' ಅದರ ಮೇಲಿನ ಸಾಲು: 'ಹಿತ್ತಾಳೆ ಚಮಚ ಒಂದು. ಮೂರನೇ ಪದರ. ಸಿಕ್ಕಿದ್ದು ಇಸ್ತ್ರಿ ಅಕ್ಕನಿಗೆ.'

ಅದನ್ನು ಕಂಡಕ್ಟರ್ ಮಾವ ಓದಿ ಅಂಗಡಿಗೆ ಹೋಗಿ ಹೇಳಿದರು. "ಏನಮ್ಮಾ, ನೀನು ಎಸೆದ ಚಮಚ ಬೋರ್ಡ್ ಹತ್ತಿ ಕೂತಿದೆ."

ಒಂದು ಬೆಳಿಗ್ಗೆ ನೀಲಿ ದಾರದ ಚಪ್ಪಲಿ ಕಿಟಕಿಯ ಮುಂದೆ ಬಂದು ನಿಂತಿತು. ಆಮೇಲೆ ಏಳು ಮೆಟ್ಟಿಲು ಇಳಿದು ಬಂತು. ಕರಣೆಯಣ್ಣ ಎದ್ದು ನಿಂತ. ಅಕ್ಕ ಆತನನ್ನು ನೋಡದೆ ಕೋಣೆಯನ್ನೆಲ್ಲ ನೋಡಿದಳು. ಹತ್ತೊಂಬತ್ತು ವರ್ಷದಲ್ಲಿ ತಮ್ಮ ಕೆಲಸ ಮಾಡುವ ಜಾಗ ನೋಡಿದ್ದು ಅದೇ ಮೊದಲು.

"ಇಲ್ಲೇನಾ ಕೂತಿರೋದು? ಬೆಳಕೇ ಇಲ್ಲ. ಎಲ್ಲಿ, ಆ ಚಮಚ?"

ಆತ ಚೀಲದಿಂದ ತೆಗೆದು ಕೊಟ್ಟ. ಇನ್ನೂ ತೊಳೆದಿರಲಿಲ್ಲ. ಅಕ್ಕ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಹಿಡಿ ಬಾಗಿತ್ತು, ಎಡಗಡೆಯ ಅಂಚು ಸವೆದಿತ್ತು.

"ಪಾತ್ರೆ ತಳ ಕೆರೆದೂ ಕೆರೆದೂ ಸವೆದಿರೋದು ಇದು. ಬಲಗೈಯವರು ಕೆರೆದರೆ ಈ ಅಂಚೇ ಹೋಗೋದು. ಅಮ್ಮನ ಚಮಚಾನೂ ಹೀಗೇ ಇತ್ತು, ನಿನಗೆ ನೆನಪಿರಲ್ಲ." ಆಮೇಲೆ ಮೊದಲ ಸಲ ಆತನ ಮುಖ ನೋಡಿದಳು. "ಇದು ನೀನು ಹಾಕಿದ್ದಲ್ಲ ತಾನೆ?"

"ಅಲ್ಲಕ್ಕಾ."

"ಮಣ್ಣು?"

"ಕದಡಿಲ್ಲ."

ಅವಳು ಬಹಳ ಹೊತ್ತು ಆತನನ್ನೇ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ತೊಟ್ಟಿಯ ಮುಂದೆ ಕೂತಳು. "ಆ ಬ್ರಷ್ ಕೊಡು ಇತ್ತ. ನೀನು ತೊಳೆದಿದ್ದು ಸಾಕು, ನನ್ನದು ನಾನೇ ತೊಳ್ಕೋತೀನಿ."

ಚಮಚದ ಮಣ್ಣು ಸುಲಭಕ್ಕೆ ಬಿಡಲಿಲ್ಲ. ಕಾಲು ಗಂಟೆ ಉಜ್ಜಿದಳು. ಆತ ಪಕ್ಕದಲ್ಲಿ ಪೇಪರ್ ಹರಡಿ ಕಾದ.

ವರ್ಷ ಮುಗಿದು ಈಗ ಆತ ಮತ್ತೆ ಗುಂಡಿಗೆ ಇಳಿಯುತ್ತಾನೆ. ಮಣ್ಣು ಹೇಗಿದೆ ಅಂತ ಕೇಳಿದರೆ ಮೊದಲಿಗಿಂತ ತಡವಾಗಿ ಹೇಳುತ್ತಾನೆ. ಅಗೆತ ಇಲ್ಲದ ದಿನ ಬೆಳಿಗ್ಗೆ ಒಂಬತ್ತರಿಂದ ತೊಳೆಯುವ ಕೋಣೆಯಲ್ಲೇ ಇರುತ್ತಾನೆ. ದೊಡ್ಡ ಗೇಟಿನಲ್ಲೇ ಹೋಗಿ, ಈಗ ಯಾರೂ ತಡೆಯುವುದಿಲ್ಲ. ಸೈಕಲ್ ಸ್ಟ್ಯಾಂಡ್ ಪಕ್ಕ ಏಳು ಮೆಟ್ಟಿಲು. ಮನೆ ಕಟ್ಟುವಾಗಲೋ ಗಿಡ ನೆಡುವಾಗಲೋ ನಿಮಗೆ ಏನಾದರೂ ಸಿಕ್ಕಿದ್ದರೆ ತೆಗೆದುಕೊಂಡು ಹೋಗಿ. ಬಾಗಿದ ಚಮಚವಾದರೂ ಸರಿ, ನಾಚಿಕೊಳ್ಳಬೇಡಿ. ಎಲ್ಲಿ ಸಿಕ್ಕಿತು ಅಂತ ಮಾತ್ರ ಸರಿಯಾಗಿ ಹೇಳಿ. ಮರೆತಿದ್ದರೆ ಮರೆತೆ ಅನ್ನಿ, ಆತ ಬೈಯುವುದಿಲ್ಲ. ಬರುವಾಗ ಇಸ್ತ್ರಿ ಅಂಗಡಿಯ ಮುಂದೆ ಒಂದು ನಿಮಿಷ ನಿಲ್ಲಿ. ಚಮಚ ಹೇಗೆ ಸಿಕ್ಕಿತು ಅಂತ ಕೇಳಿ. ಅಕ್ಕ ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ ಮೊದಲಿನಿಂದ ಹೇಳುತ್ತಾಳೆ.